ಪಾಸ್ ಇಲ್ಲದೆ ಬರ್ಮಿಂಗ್‌ಹ್ಯಾಮ್‌ನಲ್ಲಿ

2022ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನಾನು ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಮಾಧ್ಯಮದ ಪಾಸ್ ಇಲ್ಲದೆ. ನಮ್ಮದು ಕುಂದಾಪುರದ ಸಣ್ಣ ಸುದ್ದಿತಾಣ. ಕೆಲಸ ಮಾಡುವವರು ಇಬ್ಬರೇ, ನಾನು ಮತ್ತು ನನ್ನ ತಮ್ಮ. ಪಾಸಿಗೆ ಅರ್ಜಿ ಹಾಕುವ ಗಡುವು ಮುಗಿದಿದೆ ಅಂತ ಗೊತ್ತಾಗುವಷ್ಟರಲ್ಲಿ ವಿಮಾನದ ಟಿಕೆಟ್ ಬುಕ್ ಆಗಿತ್ತು. ತಪ್ಪು ನನ್ನದೇ. ಇಂಥ ಕೂಟಗಳಿಗೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಹೋಗಿರಬೇಕು. ಆದರೂ ನಮ್ಮ ವಂಡ್ಸೆಯ ಗುರುರಾಜ ಪೂಜಾರಿ ಭಾರ ಎತ್ತುವಾಗ ಊರಿನವರು ಒಬ್ಬರಾದರೂ ಅಲ್ಲಿರಬೇಕು ಅನ್ನಿಸಿತು. ಪ್ರೇಕ್ಷಕರ ಟಿಕೆಟ್ ಕೊಂಡು ಹೊರಟೆ.

200 ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡು ಹೋಗಿದ್ದೆ. ಮೊದಲ ಎರಡು ದಿನ ಕೊರಳಲ್ಲಿ ಪಾಸ್ ಇದ್ದವರಿಗೆಲ್ಲ ಮದುವೆ ಕಾಗದ ಹಂಚಿದ ಹಾಗೆ ಹಂಚಿದೆ. ಒಬ್ಬರೂ ಮೆಸೇಜ್ ಮಾಡಲಿಲ್ಲ. ಯಾಕೆ ಮಾಡ್ತಾರೆ ಹೇಳಿ? ಅವರಿಗೆ ಕೊಡಲು ನನ್ನ ಹತ್ತಿರ ಏನಿದೆ ಅಂತ ನಾನೇ ಯೋಚಿಸಿರಲಿಲ್ಲ. ಟೀವಿಯವರೊಬ್ಬರನ್ನಂತೂ ಲೈವ್‌ಗೆ ನಿಲ್ಲುವ ಹೊತ್ತಿಗೇ ತಡೆದು ಪರಿಚಯ ಹೇಳಿಕೊಂಡೆ. ಅವರು ನೋಡಿದ ನೋಟ ಈಗಲೂ ನೆನಪಿದೆ!

ಉಳಿದುಕೊಂಡದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಕೊವೆಂಟ್ರಿ ನಗರದಲ್ಲಿ, ಊರಿನ ಕಡೆಯ ನರ್ಸ್ ಅಕ್ಕ ಒಬ್ಬರ ಮನೆಯಲ್ಲಿ. ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ಒಂದೇ ರಾತ್ರಿಯಲ್ಲಿ ಸಿಕ್ಕಿದ ಆಸರೆ ಅದು. ಜುಲೈ 30ರ ಬೆಳಿಗ್ಗೆ ಸ್ಟೇಷನ್‌ಗೆ ಹೋದರೆ ರೈಲು ಚಾಲಕರ ಮುಷ್ಕರ. ಓಡುತ್ತಿದ್ದ ರೈಲುಗಳು ಕೆಲವೇ. ಪಕ್ಕದಲ್ಲಿ ಒಬ್ಬರು ಬೋರ್ಡನ್ನೇ ದಿಟ್ಟಿಸುತ್ತ ನಿಂತಿದ್ದರು, ಕೊರಳಲ್ಲಿ ಪಾಸ್. ಮಲೇಷ್ಯಾದ ವರದಿಗಾರ. ಅವರಿಗೂ ವೇಟ್‌ಲಿಫ್ಟಿಂಗ್ ನಡೆಯುವ ಎನ್‌ಇಸಿ ಸಭಾಂಗಣಕ್ಕೇ ಹೋಗಬೇಕಿತ್ತು. ಇಬ್ಬರೂ ಸೇರಿ ಟ್ಯಾಕ್ಸಿ ಹಿಡಿದೆವು.

ದಾರಿಯಲ್ಲಿ ಅವರೇ ಕೇಳಿದರು: "ಪೂಜಾರಿ ಅಂದರೆ ದೇವಸ್ಥಾನದ ಅರ್ಚಕ ಅಲ್ವಾ? ಅರ್ಚಕರ ಮಗ ಭಾರ ಎತ್ತುತ್ತಾನಾ?" ನನಗೆ ನಗು ಬಂತು. ಕರಾವಳಿಯಲ್ಲಿ ಅದು ಬಿಲ್ಲವರ ಮನೆಗಳಲ್ಲಿ ಬಳಸುವ ಹೆಸರು, ಇವರ ತಂದೆ ಪಿಕಪ್ ವಾಹನದ ಚಾಲಕರು ಅಂದೆ. ಮೊದಲು ಕುಸ್ತಿಯ ಆಸೆ ಇತ್ತು, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಭಾರ ಎತ್ತಲು ಶುರು ಮಾಡಿದರು, ಆಮೇಲೆ ವಾಯುಪಡೆ ಸೇರಿದರು ಅಂತ ಹೇಳುತ್ತ ಹೋದೆ. ಅವರು ಟ್ಯಾಕ್ಸಿಯಲ್ಲೇ ಬರೆದುಕೊಂಡರು. 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ 56 ಕೆಜಿಯಲ್ಲಿ ಗುರುರಾಜ್‌ಗೆ ಬೆಳ್ಳಿ, ಚಿನ್ನ ಮಲೇಷ್ಯಾದವರಿಗೆ. ಹಾಗಾಗಿ ಅವರಿಗೂ ಈ ಹೆಸರಿನ ಮೇಲೆ ಕುತೂಹಲ. ನನ್ನ ಹತ್ತಿರ ಕೊಡಲು ಏನಿದೆ ಅಂತ ನನಗೆ ಗೊತ್ತಾದದ್ದು ಆಗ.

ಈ ಸಲವೂ 61 ಕೆಜಿ ವಿಭಾಗದ ಚಿನ್ನ ಮಲೇಷ್ಯಾಕ್ಕೇ ಹೋಯಿತು. ಗುರುರಾಜ್ ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 118, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕೆಜಿ. ಕಂಚು! ನಾಲ್ಕನೆಯವರಾದ ಕೆನಡಾದ ಲಿಫ್ಟರ್ ಎತ್ತಿದ್ದು 268. ಒಂದೇ ಒಂದು ಕೆಜಿ ವ್ಯತ್ಯಾಸ. ನಾನು ಪ್ರೇಕ್ಷಕರ ನಡುವೆ ಕೂತು ಸ್ವಲ್ಪ ಜಾಸ್ತಿಯೇ ಕೂಗಿದೆ.

ಸ್ಪರ್ಧೆ ಮುಗಿದ ಮೇಲೆ ಆಟಗಾರರು ಮಿಕ್ಸ್ಡ್ ಝೋನ್ ಮೂಲಕ, ಅಂದರೆ ಪಾಸ್ ಇದ್ದ ಪತ್ರಕರ್ತರು ಅವರನ್ನು ಮಾತಾಡಿಸುವ ಜಾಗದ ಮೂಲಕ, ಹೊರಬರುತ್ತಾರೆ. ಪ್ರಸಾರದ ಹಕ್ಕು ಕೊಂಡ ಟೀವಿಯವರಿಗೆ ಮೊದಲ ಸರದಿ, ಬರೆಯುವವರಿಗೆ ಕೊನೆಗೆ. ನನಗೆ ಆ ಬಾಗಿಲೇ ಇಲ್ಲ. ಅರ್ಧ ಗಂಟೆಯಲ್ಲಿ ಮಲೇಷ್ಯಾದ ಗೆಳೆಯರಿಂದ ಫೋನಿಗೆ ಟಿಪ್ಪಣಿ ಬಂತು, ಒಳಗೆ ಯಾರು ಏನು ಹೇಳಿದರು ಅಂತ. ಬರಹಕ್ಕೆ ಅಷ್ಟು ಸಾಕಾಯಿತು. ಸ್ಟೇಡಿಯಂ ಒಳಗಿನ ವಿಡಿಯೋ ಹಾಕುವ ಹಾಗಿರಲಿಲ್ಲ. ಹೊರಗೆ ಬಂದು, ಕೊವೆಂಟ್ರಿಯಿಂದ ಬಂದಿದ್ದ ನಮ್ಮವರನ್ನು ನಿಲ್ಲಿಸಿ ಮಾತಾಡಿಸಿದೆ. ಊರಿನಲ್ಲಿ ಎಲ್ಲರೂ ನೋಡಿದ್ದು ಆ ವಿಡಿಯೋವನ್ನೇ.

ಟ್ಯಾಕ್ಸಿಯಲ್ಲಿ ಹೇಳಿದ್ದನ್ನೇ ಇಂಗ್ಲಿಷ್‌ನಲ್ಲಿ ಅರ್ಧ ಪುಟ ಮಾಡಿ ಫೋನ್‌ನಲ್ಲಿ ಇಟ್ಟುಕೊಂಡೆ. ಕೇಳಿದವರಿಗೆಲ್ಲ ಕಳಿಸಿದೆ. ಸಂಜೆಯೊಳಗೆ ದೆಹಲಿಯ ಇಬ್ಬರು ವರದಿಗಾರರು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಕೊಡಲು ಕಾರ್ಡ್ ಹುಡುಕಿದರೆ ಅದು ಮನೆಯಲ್ಲೇ ಉಳಿದಿತ್ತು, ಮಾರಾಯ್ರೆ.

ಊರಿಗೆ ಬಂದ ಮೇಲೆ ಪರಿಚಯವಾದ ಏಳು ಜನರಿಗೆ ಮೆಸೇಜ್ ಮಾಡಿದೆ. ನಮ್ಮ ಕನ್ನಡ ವರದಿಯ ಲಿಂಕ್ ಸುಮ್ನೆ ಕಳಿಸಿದರೆ ಅವರು ಓದುವುದು ಹೇಗೆ? ಜೊತೆಗೆ ಮೂರು ಸಾಲಿನ ಇಂಗ್ಲಿಷ್ ಸಾರಾಂಶ ಸೇರಿಸಿದೆ. ನಾಲ್ವರು ಉತ್ತರಿಸಿದರು.

2023ರ ಏಷ್ಯನ್ ಗೇಮ್ಸ್‌ಗೆ ಹಾಂಗ್‌ಝೌಗೆ ಹೋಗಲು ನಮ್ಮಲ್ಲಿ ದುಡ್ಡಿರಲಿಲ್ಲ. ಸೆಪ್ಟೆಂಬರ್ 30ರಂದು ರೋಹನ್ ಬೋಪಣ್ಣ ಮತ್ತು ರುತುಜಾ ಭೋಸ್ಲೆ ಟೆನಿಸ್ ಮಿಶ್ರ ಡಬಲ್ಸ್‌ನಲ್ಲಿ ಚಿನ್ನ ಗೆದ್ದಾಗ ಫೋನ್ ಕುಯ್‌ಗುಟ್ಟಿತು. ಹಾಂಗ್‌ಝೌನಿಂದ ಅದೇ ಮಲೇಷ್ಯಾದ ಗೆಳೆಯ: "ಬೋಪಣ್ಣ ಕೂಡ ನಿಮ್ಮ ಊರಿನವರೇನಾ?"

ಅಲ್ಲ, ಅವರದು ಕೊಡಗು, ಘಟ್ಟದ ಮೇಲೆ ಅಂತ ಬರೆಯತೊಡಗಿದೆ.