ಸೂರ್ಯನಿಗೆ ಬೆನ್ನು ಹಾಕಿ ಸ್ಯಾನ್ ರಫೇಲ್ ದಾಟಿದ್ದು

ಅರಿಜೋನಾದ ದಕ್ಷಿಣ ತುದಿಯ ಈ ದಾರಿಯಲ್ಲಿ ನಾನು ಮೊದಲ ಸಲ ಹೋದದ್ದು ಬೆಳಗ್ಗೆ, ಪೂರ್ವಕ್ಕೆ ಮುಖ ಮಾಡಿ. ಕಣ್ಣಿಗೆ ಬಿಸಿಲು, ಗಾಜಿನ ತುಂಬ ಧೂಳು, ಕಂಡದ್ದು ಅಷ್ಟಕ್ಕಷ್ಟೇ. ಮರು ವರ್ಷ ಅಕ್ಟೋಬರ್ ಕೊನೆಯಲ್ಲಿ ಟೂಸಾನ್‌ನ ಅಕ್ಕನನ್ನೂ ಹೊರಡಿಸಿಕೊಂಡು ಅದೇ ದಾರಿಯನ್ನು ಮಧ್ಯಾಹ್ನ ಹಿಡಿದೆ. ಪಟಗೋನಿಯಾ ಊರಿಂದ ಹೊರಟು, ಸ್ಯಾನ್ ರಫೇಲ್ ಕಣಿವೆ ದಾಟಿ, ಮಾಂಟೆಜುಮಾ ಪಾಸ್ ಹತ್ತಿ ಆಚೆ ಇಳಿಯುವುದು. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಮಣ್ಣಿನ ರಸ್ತೆಗೆ ಒಪ್ಪುವುದಿಲ್ಲ, ಹಾಗಾಗಿ ಭಾವನ ಹಳೇ ಎಸ್‌ಯುವಿ.

ಕಾಲ ಆರಿಸುವುದು ಮುಖ್ಯ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಗಾಲ. ಬೆಳಗ್ಗೆ ಒಣಗಿದ್ದ ಹಳ್ಳ ಸಂಜೆಗೆ ತುಂಬಿ ಹರಿಯಬಹುದು. ಬ್ಯಾರಿಕೇಡ್ ದಾಟಿ ನೀರಿಗೆ ಕಾರು ಇಳಿಸಿ ಸಿಕ್ಕಿಕೊಂಡವರಿಂದ ರಕ್ಷಣೆಯ ಖರ್ಚು ವಸೂಲು ಮಾಡುವ ಕಾನೂನೇ ಈ ರಾಜ್ಯದಲ್ಲಿದೆ. ಅಕ್ಟೋಬರ್‌ನಲ್ಲಿ ಹಳ್ಳ ಇಳಿದಿರುತ್ತದೆ, ಮಳೆ ಬೆಳೆಸಿದ ಹುಲ್ಲು ಮಾತ್ರ ಹಾಗೇ ನಿಂತಿರುತ್ತದೆ.

ಪಟಗೋನಿಯಾದಲ್ಲಿ ಟ್ಯಾಂಕ್ ತುಂಬಿಸಿದೆವು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆ ಹಿಂದಿನ ರಾತ್ರಿಯೇ ಇಳಿಸಿಕೊಂಡಿದ್ದೆ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದೂ ನೋಡಿದ್ದೆ. ಮೊದಲ ಕೆಲವು ಮೈಲಿ ಡಾಂಬರು, ಆಮೇಲೆ ಜಲ್ಲಿ. ಜಲ್ಲಿ ಶುರುವಾದಲ್ಲಿ ನಿಲ್ಲಿಸಿ ಟೈರಿನ ಗಾಳಿ 35ರಿಂದ 26 ಪಿಎಸ್‌ಐಗೆ ಇಳಿಸಿದೆ. ಚಕ್ರಗಳು ಕುಪ್ಪಳಿಸಿ ಕುಪ್ಪಳಿಸಿ ರಸ್ತೆ ಜಿಂಕ್ ಶೀಟಿನ ಹಾಗೆ ಏರಿಳಿತವಾಗಿರುತ್ತದೆ. ಮೆತ್ತಗಿನ ಟೈರು ಆ ಪೆಟ್ಟನ್ನು ತಾನೇ ನುಂಗುತ್ತದೆ. ವೇಗವಾಗಿ ಹೋದರೆ ಕುಲುಕಾಟ ಕಡಿಮೆ ಅನ್ನುವವರಿದ್ದಾರೆ. ನಿಜವೇ, ಆದರೆ ತಿರುವಿನಲ್ಲಿ ಚಕ್ರಕ್ಕೆ ನೆಲದ ಹಿಡಿತವಿರುವುದಿಲ್ಲ. ನಾನು ಗಂಟೆಗೆ 20 ಮೈಲಿ ದಾಟಲಿಲ್ಲ.

ಓಕ್ ಮರಗಳ ಗುಡ್ಡ ಸುತ್ತಿ ಒಂದು ದಿಬ್ಬ ಏರಿದ್ದೇ ತಡ, ಮರಗಳು ಮುಗಿದುಹೋದವು. ಮುಂದೆಲ್ಲ ಹುಲ್ಲು. ಅಕ್ಕ “ನಿಲ್ಸೋ, ನಿಲ್ಸೋ” ಅಂದಳು. ಇಂಜಿನ್ ಆರಿಸಿದ ಮೇಲೆ ಗಾಳಿಯ ಸದ್ದೊಂದೇ. ಇಲ್ಲಿನ ಗ್ರಾಮಾ ಹುಲ್ಲಿನ ತೆನೆ ಹುಬ್ಬಿನ ಹಾಗೆ ಬಾಗಿರುತ್ತದೆ. ಬೆನ್ನ ಹಿಂದಿನ ಬಿಸಿಲಿಗೆ ಒಂದೊಂದು ಹುಬ್ಬೂ ಬೇರೆಬೇರೆಯಾಗಿ ಕಂಡಿತು. ಹಿಂದಿನ ಸಲ ಇದೇ ಜಾಗ ನನಗೆ ಬರೀ ಬೂದು ಬಯಲು. ಎದುರಿಗೆ ಹುವಾಚುಕಾ ಪರ್ವತ, ಅದರ ಮಿಲ್ಲರ್ ಶಿಖರ 9,000 ಅಡಿ ಮೀರಿದ್ದು. ಒಣ ನೆಲದ ನಡುವೆ ತಂಪು ಕಾಡು ಹೊತ್ತು ನಿಂತ ಇಂಥ ಬೆಟ್ಟಗಳನ್ನು ಇಲ್ಲಿ ಸ್ಕೈ ಐಲೆಂಡ್ ಅನ್ನುತ್ತಾರೆ.

ದಾರಿಯಲ್ಲಿ ದನಗಳು ಅಡ್ಡ ಬಂದವು. ಹಾರ್ನ್ ಮಾಡದೆ ಕಾದೆವು. ಗೇಟು ಸಿಕ್ಕರೆ ಮುಚ್ಚಿದ್ದನ್ನು ಮುಚ್ಚಬೇಕು, ತೆರೆದಿದ್ದನ್ನು ಹಾಗೇ ಬಿಡಬೇಕು. ಮೆಕ್ಸಿಕೋ ಗಡಿ ತೀರಾ ಹತ್ತಿರವಾದ್ದರಿಂದ ಗಡಿ ಕಾವಲಿನ ವಾಹನಗಳೂ ಓಡಾಡುತ್ತಿರುತ್ತವೆ. ಗುರುತಿನ ಚೀಟಿ ಇಟ್ಟುಕೊಳ್ಳಿ.

ನಾಲ್ಕೂವರೆಗೆ ಪಾಸ್ ತಲುಪಿದೆವು, 6,575 ಅಡಿ. ಇದು ಕೊರೊನಾಡೊ ನ್ಯಾಷನಲ್ ಮೆಮೋರಿಯಲ್‌ಗೆ ಸೇರಿದ ಜಾಗ; 1540ರ ಸ್ಪ್ಯಾನಿಷ್ ದಂಡಯಾತ್ರೆಯ ನೆನಪಿಗೆ ಕಾದಿಟ್ಟದ್ದು. ನನಗೆ ಆ ದಂಡಿಗಿಂತ ನದಿಗಳೇ ಸೋಜಿಗ. ಪಶ್ಚಿಮದ ಕಣಿವೆಯಲ್ಲಿ ಹುಟ್ಟುವ ಸಾಂತಾ ಕ್ರೂಜ್ ದಕ್ಷಿಣಕ್ಕೆ ಮೆಕ್ಸಿಕೋಗೆ ಹೋಗಿ, ಅಲ್ಲಿ ತಿರುಗಿ ಮತ್ತೆ ಅಮೆರಿಕಕ್ಕೆ ಬರುತ್ತದೆ. ಪೂರ್ವದ ಸ್ಯಾನ್ ಪೆಡ್ರೊ ಮೆಕ್ಸಿಕೋದಲ್ಲೇ ಹುಟ್ಟಿ ಉತ್ತರಕ್ಕೆ ಬರುವುದು. “ಎರಡಕ್ಕೂ ವೀಸಾ ಬೇಡ ನೋಡು” ಅಂದಳು ಅಕ್ಕ.

ಆ ಕಡೆಯ ಇಳಿಜಾರಿನಲ್ಲಿ ಕಿರಿದಾದ ಹೇರ್‌ಪಿನ್ ತಿರುವುಗಳು. 24 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಲೋ ಗೇರಿಗೆ ಹಾಕಿ, ಬ್ರೇಕನ್ನು ಆಗಾಗ ಮಾತ್ರ ಮುಟ್ಟುತ್ತ ಇಳಿದೆ.

ಡಾಂಬರು ಸಿಕ್ಕಾಗ ನೆನಪಾಯಿತು: ಗಾಳಿ ಇಳಿಸುವ ಗೇಜ್ ತಂದಿದ್ದೆ, ತುಂಬುವ ಪಂಪನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದೆ. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಟೈರು ಕಾದು ಹಾಳಾಗುತ್ತದೆ. ಹಿಂದಿನವರಿಗೆಲ್ಲ ದಾರಿ ಬಿಡುತ್ತ, ಕತ್ತಲಲ್ಲಿ ಸಿಯೆರಾ ವಿಸ್ಟಾ ತನಕ ತೆವಳಿದೆವು. ಅಲ್ಲಿನ ಗಾಳಿ ಯಂತ್ರಕ್ಕೆ ಚಿಲ್ಲರೆಯೇ ಬೇಕು. ಅಕ್ಕ ಬ್ಯಾಗಿನ ತಳವನ್ನೆಲ್ಲ ತಡಕಿ ಒಂದೊಂದೇ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಎಣಿಸಿ ಕೊಟ್ಟಳು.