ಸಾಕ್ಷಿ ಹೇಳಿದ ಗೋಣಿ

ನಮ್ಮದು ಬೆಂಗಳೂರಿನ ಹನ್ನೆರಡು ಜನರ ಸಾಫ್ಟ್‌ವೇರ್ ಕಂಪನಿ. ಗೋದಾಮಿನ ಲೆಕ್ಕ ಇಡುವ ಪ್ರೋಗ್ರಾಮನ್ನು ಸೋರ್ಸ್ ಕೋಡ್ ಸಮೇತ ಸಿಂಗಪುರದ ಕಂಪನಿಯೊಂದಕ್ಕೆ ಮೂರು ವರ್ಷ ಲೈಸೆನ್ಸ್ ಕೊಟ್ಟಿದ್ದೆವು. ಅವಧಿ ಮುಗಿದ ಮೇಲೆ ಅವರು ಹೆಸರು, ಬಣ್ಣ ಬದಲಿಸಿ ಅದನ್ನೇ ಮಾರತೊಡಗಿದರು. ಯಾರು ಎಂದು ಹೇಳುವಂತಿಲ್ಲ. ಕೋರ್ಟಿನ ಬದಲು ಮಧ್ಯಸ್ಥರು (ಆರ್ಬಿಟ್ರೇಟರ್) ತೀರ್ಪು ಕೊಡುವ ಆರ್ಬಿಟ್ರೇಷನ್‌ನಲ್ಲಿ ನಡೆದದ್ದು ಗುಟ್ಟಾಗಿರಬೇಕು, ಹಾಗಾಗಿ ಕೆಲವು ವಿವರ ಬಿಟ್ಟಿದ್ದೇನೆ.

ಒಪ್ಪಂದದ ಕೊನೆಯ ಪುಟದಲ್ಲಿ ನಾನು ಸರಿಯಾಗಿ ಓದಿರದ ಸಾಲೊಂದಿತ್ತು: ತಕರಾರು ಬಂದರೆ ಸಿಂಗಪುರದಲ್ಲಿ, ಎಸ್‌ಐಎಸಿ (ಅಲ್ಲಿನ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಕೇಂದ್ರ) ನಿಯಮದಂತೆ ಆರ್ಬಿಟ್ರೇಷನ್. ಅವರ ಊರಿಗೇ ಹೋಗಿ ಜಗಳ ಆಡಬೇಕಾ ಎಂದು ನನ್ನನ್ನೇ ಬೈದುಕೊಂಡೆ. ವಕೀಲರು ನಕ್ಕರು. "ಮೇಡಂ, ಮಾಲು ಮಾರ್ತಿರೋದು ಅಲ್ಲಿ, ದುಡ್ಡಿರೋದೂ ಅಲ್ಲಿ. ಇಲ್ಲಿ ಗೆದ್ದರೂ ಡಿಕ್ರಿ ಹಿಡ್ಕೊಂಡು ಅಲ್ಲಿಗೇ ಹೋಗ್ಬೇಕು, ಅಲ್ವಾ?" ಕಾಪಿರೈಟ್, ಪೇಟೆಂಟ್ ತಕರಾರನ್ನೂ ಆರ್ಬಿಟ್ರೇಷನ್‌ಗೆ ಒಯ್ಯಬಹುದು ಎಂದು ಸಿಂಗಪುರ 2019ರಲ್ಲಿ ಕಾನೂನಿನಲ್ಲೇ ಬರೆದಿಟ್ಟಿದೆ. ಇಂಥ ತಕರಾರು ಕೋರ್ಟಿಗೇ ಹೋಗಬೇಕು ಎಂಬ ವಾದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಮೊದಲು ಮಾರಾಟ ನಿಲ್ಲಿಸಬೇಕಿತ್ತು. ಮುಖ್ಯ ಆರ್ಬಿಟ್ರೇಟರ್ ಬರುವ ಮೊದಲೇ ತುರ್ತು ಆದೇಶ ಕೊಡುವ ಎಮರ್ಜೆನ್ಸಿ ಆರ್ಬಿಟ್ರೇಟರ್ ಕೇಳಿದೆವು. ನೇಮಕವಾದ 14 ದಿನದೊಳಗೆ ಅವರು ಆದೇಶ ಕೊಡಬೇಕು. ಅದನ್ನು ಅಲ್ಲಿನ ಕೋರ್ಟ್ ಜಾರಿ ಮಾಡುತ್ತದೆ, 2012ರಿಂದ ಕಾನೂನಿದೆ. ಆದೇಶ ನಮ್ಮ ಪರ ಬಂತು.

ಆಮೇಲೆ ಶುರುವಾಯಿತು ದುಡ್ಡಿನ ಗೋಳು. ಆರ್ಬಿಟ್ರೇಟರ್ ಫೀಸಿನ ಮುಂಗಡವನ್ನು ಇಬ್ಬರೂ ಅರ್ಧರ್ಧ ಕಟ್ಟಬೇಕು. ಅವರು ಕಟ್ಟಲಿಲ್ಲ. ಕೇಸು ನಿಲ್ಲಬಾರದೆಂದು ಅವರ ಪಾಲನ್ನೂ ನಾವೇ ಕಟ್ಟಿದೆವು. ಕಳ್ಳನ ಬಸ್ ಚಾರ್ಜೂ ನಾನೇ ಕೊಟ್ಟಂತಾಯಿತು. ಮೂವರ ಬದಲು ಒಬ್ಬರೇ ಆರ್ಬಿಟ್ರೇಟರ್ ಸಾಕು ಎಂದು ಮೊದಲೇ ಒಪ್ಪಿದ್ದರಿಂದ ಉಳಿದೆವು.

ನನ್ನ ನಿದ್ದೆ ಕೆಡಿಸಿದ್ದು ಕೋಡ್. ಹೋಲಿಸಿ ನೋಡಲು ನಮ್ಮ ಹೊಸ ಆವೃತ್ತಿಯನ್ನೂ ತೋರಿಸಿ ಎಂದರು. ಕದ್ದವರ ಕೈಗೆ ಮತ್ತೆ ಬೀಗದ ಕೈ! ಕೊನೆಗೆ ಆರ್ಬಿಟ್ರೇಟರ್ ಒಂದು ದಾರಿ ಮಾಡಿದರು. ಎರಡೂ ಕಡೆಯ ಕೋಡ್ ಇಂಟರ್ನೆಟ್ ಇಲ್ಲದ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಫೋನು, ಪೆನ್‌ಡ್ರೈವ್ ಹೊರಗೆ. ನೋಡುವುದು ಎರಡೂ ಕಡೆಯ ತಜ್ಞರು, ವಕೀಲರು ಮಾತ್ರ. ನಮ್ಮ ಎಂಜಿನಿಯರ್‌ಗಳಿಗೂ ಪ್ರವೇಶವಿಲ್ಲ.

ಮೂರನೇ ದಿನ ನಮ್ಮ ತಜ್ಞರು ಹೊರಬಂದು ವಕೀಲರನ್ನು ಕೇಳಿದರಂತೆ, "ಗೋಣಿ ಅಂದರೇನು?" ನಮ್ಮ ಹಳೆಯ ಎಂಜಿನಿಯರ್ ದಾವಣಗೆರೆಯವನು. ಮೊದಲ ಗಿರಾಕಿ ಅಲ್ಲಿನ ಮಂಡಿ. ಚೀಲ ಎಣಿಸುವ ಕಡೆಯಲ್ಲೆಲ್ಲ ಅವನು 'ಗೋಣಿ' ಎಂದೇ ಹೆಸರಿಟ್ಟಿದ್ದ. ಇಂಗ್ಲಿಷಿನಲ್ಲಿ ಇಡೋ ಎಂದು ನಾನು ಎಷ್ಟು ಸಲ ಬೈದಿದ್ದೆನೋ. ಅವರ ಕೋಡಿನಲ್ಲೂ ಅದೇ ಗೋಣಿ, ಅದೇ ಕ್ರಮದಲ್ಲಿ. ಕಾಕತಾಳೀಯ ಎಂದರು. ಕನ್ನಡ ಬರುವವರು ನಿಮ್ಮಲ್ಲಿ ಯಾರಿದ್ದಾರೆ ಎಂದು ಆರ್ಬಿಟ್ರೇಟರ್ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ತೀರ್ಪು ನಮ್ಮ ಕಡೆ ಆಯಿತು, ಮುಂಗಡದ ಹಣವೂ ಸೇರಿ. ಆದರೆ ಅವರಿಂದ ಪ್ರೋಗ್ರಾಮ್ ಕೊಂಡ ಮಲೇಷ್ಯಾದ ಡೀಲರ್ ಒಬ್ಬ ಈಗಲೂ ಮಾರುತ್ತಿದ್ದಾನೆ. ಅವನಿಗೂ ನಮಗೂ ಒಪ್ಪಂದವೇ ಇಲ್ಲ, ಈ ತೀರ್ಪು ಅವನಿಗೆ ತಟ್ಟದು. ಅಲ್ಲಿನ ಕೋರ್ಟೇ ಗತಿ. ಈ ವಾರ ವಕೀಲರನ್ನು ಮತ್ತೆ ನೋಡಬೇಕು.