ಆಂಡೀಸ್ ಜನರ ಚಿಚಾ: ಮೆಕ್ಕೆಜೋಳದ ಮೊಳಕೆಯಿಂದ ಲೋಟದ ತನಕ

ಪೆರುವಿನ ಕುಸ್ಕೋ ಸುತ್ತಮುತ್ತ ಕೆಲವು ಮನೆಗಳ ಮುಂದೆ ಉದ್ದ ಕೋಲಿನ ತುದಿಗೆ ಕೆಂಪು ಬಟ್ಟೆಯೋ ಪ್ಲಾಸ್ಟಿಕ್ಕೋ ಕಟ್ಟಿರುತ್ತಾರೆ. ಒಳಗೆ ಹೊಸ ಚಿಚಾ ಸಿದ್ಧವಿದೆ ಅಂತ ಅರ್ಥ. ಕೆಚುವಾ ಭಾಷೆಯಲ್ಲಿ ಸಾರಾ ಅನ್ನುವ ಮೆಕ್ಕೆಜೋಳದಿಂದಲೇ ಈ ಹುಳಿ ಬಿಯರ್ ಆಗೋದು.

ಮೊದಲು ಹೋರಾ ಬೇಕು, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಜೋಳ. ಔಷಧಿ ಹಚ್ಚದ ಕಾಳನ್ನು ಒಂದು ದಿನ ನೆನೆಸಿ, ನೀರು ಬಸಿದು, ಒದ್ದೆ ಹುಲ್ಲಿನ ನಡುವೆ ಹರಡಿ, ದಿನಾ ಸ್ವಲ್ಪ ನೀರು ಚಿಮುಕಿಸುತ್ತಾ ಇರಿ. ಮೊಳಕೆ ಹೆಚ್ಚುಕಡಿಮೆ ಕಾಳಿನಷ್ಟೇ ಉದ್ದ ಆದಾಗ ಬಿಸಿಲಿಗೆ ಹಾಕಿ. ಇಲ್ಲಿ ಆತುರ ಬೇಡವೇ ಬೇಡ. ಮೊಳಕೆ ಬರುವಾಗ ಹುಟ್ಟುವ ಕಿಣ್ವಗಳೇ ಕಾಳಿನ ಪಿಷ್ಟವನ್ನು ಸಕ್ಕರೆ ಮಾಡೋದು, ಸಕ್ಕರೆ ಇಲ್ಲದೆ ಹುದುಗು ಏರೋದು ಹೇಗೆ ಅಲ್ವಾ?

ಒಣಗಿದ್ದನ್ನು ತರಿತರಿಯಾಗಿ ಬೀಸಿ. ಬಿಸಿ ನೀರಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಕೆಲವು ಗಂಟೆ ಕುದಿಸಿ. ತಳ ಹಿಡಿಯುತ್ತದೆ, ತಿರುವುತ್ತಲೇ ಇರಿ. ಸೋಸಿ, ಆರಿಸಿ, ಮಣ್ಣಿನ ಮಡಕೆಗೆ ಹಾಕಿ. ಹೆಪ್ಪಿಗೆ ಮಜ್ಜಿಗೆ ಬಿಟ್ಟ ಹಾಗೆ, ಇದಕ್ಕೆ ಹಳೆ ಚಿಚಾ ಸ್ವಲ್ಪ ಬೆರೆಸಿ. ಎರಡು ಮೂರು ದಿನದಲ್ಲಿ ನೊರೆ ಎದ್ದು ಹುಳಿ ವಾಸನೆ ಬರುತ್ತದೆ.

ಇಂಕಾ ಕಾಲದಲ್ಲಿ ಅರಸೊತ್ತಿಗೆಗೆ ಇದನ್ನು ಮಾಡುತ್ತಿದ್ದವರು ಅಕ್ಲಾ ಎಂಬ ಆಯ್ದ ಹೆಣ್ಣುಮಕ್ಕಳು. ಕೇರೋ ಎಂಬ ಮರದ ಲೋಟಗಳನ್ನು ಜೋಡಿಯಾಗಿಯೇ ಕೆತ್ತುತ್ತಿದ್ದರು, ಒಂದು ತನಗೆ, ಇನ್ನೊಂದು ಎದುರಿನವರಿಗೆ. ನನಗೆ ತುಂಬ ಹಿಡಿಸಿದ ವಿಷಯ ಇದು.

ಸುಮ್ನೆ ಎತ್ತಿ ಕುಡಿಯಬೇಡಿ. ಮೊದಲ ನಾಲ್ಕು ಹನಿ ನೆಲಕ್ಕೆ, ಭೂತಾಯಿ ಪಚಮಾಮಾಗೆ.